ಹಲಗಿಗೊಂದು ಸುಳ್ಳು ಕೋಣೆ

ಗೋಕಾಕದ ಸ್ಟುಡಿಯೋದಲ್ಲಿ ನನ್ನ ಗಂಡನ ಹಲಗಿಯನ್ನು ಕೇಳಿಸಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಇದನ್ನ ಯಾರ ಬಾರಿಸ್ಯಾರ?" ಎಂಬುದು.

ಕಂಪ್ಯೂಟರಿನ ಮುಂದೆ ಕುಳಿತು ಮಿಕ್ಸಿಂಗ್ ಮಾಡುತ್ತಿದ್ದ ತರುಣ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. "ನಿಮ್ಮ ಮನಿಯವರಽ ಬಾರಿಸಿದ್ದರಿ ಅಕ್ಕಾರ. ಬ್ಯಾರೆ ಯಾರ್ನೂ ಕರೆಸಿಲ್ಲ."

"ಅಲ್ಲ," ಎಂದೆ.

ಅವರು ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ಆ ಕೈಗಳ ಸಪ್ಪಳವನ್ನು ಇನ್ನೊಮ್ಮೆ ಕೇಳಬೇಕೆಂದು ಮೂಡಲಗಿಯಲ್ಲಿ ಬಸ್ಸು ಹತ್ತಿ ಬಂದಿದ್ದೆ. ಕೇಳಿದ ಕೂಡಲೇ ಅಳು ಬರುತ್ತದೆ, ಜೊತೆಗೆ ಬಂದ ಮೈದುನನ ಮುಂದೆ ಹೇಗೆ ಅಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅಳು ಬರಲೇ ಇಲ್ಲ. ಎರಡು ಸ್ಪೀಕರುಗಳಿಂದ ಹೊರಬಿದ್ದದ್ದು ಯಾವುದೋ ದೊಡ್ಡ ಬಂಗಲೆಯೊಳಗೆ ನಿಂತು ಬಾರಿಸಿದ ಸದ್ದು. ಒಂದೊಂದು ಪೆಟ್ಟೂ ಗೋಡೆಯಿಂದ ಗೋಡೆಗೆ ಹೊರಳಾಡುತ್ತಿತ್ತು. ಅದು ಸುಮ್ಮನಾಗುವ ಮೊದಲೇ ಇನ್ನೊಂದು ಪೆಟ್ಟು ಬಂದು ಅದರ ಮೇಲೆ ಬೀಳುತ್ತಿತ್ತು. ಎಲ್ಲೂ ಉಸಿರಾಡಲು ಸಂದಿಯಿರಲಿಲ್ಲ.

"ಹಾಲ್ ಹಾಕೇನ್ರಿ," ಎಂದ ತರುಣ. ಅವನ ದನಿಯಲ್ಲಿ ಹೆಮ್ಮೆಯಿತ್ತು. "ಬರೇ ಹಲಗಿ ಭಾಳ ಸಣ್ಣದ ಕೇಳ್ತಿತ್ರಿ. ಅದಕ್ಕ ದೊಡ್ಡ ಹಾಲ್‌ನಾಗ ಬಾರಿಸಿದಂಗ ಮಾಡೇನಿ."

"ಯಾವ ಹಾಲ್?"

"ಯಾವದೂ ಅಲ್ರಿ. ಕಂಪ್ಯೂಟರ್‌ನಾಗಿನ ಹಾಲ್."

ಅವನು ಸಮಾಧಾನದಿಂದ ತಿಳಿಸಿ ಹೇಳಿದ. ಸ್ಟುಡಿಯೋದಲ್ಲಿ ಹಲಗಿಯ ಹತ್ತಿರ ಮೈಕು ಇಟ್ಟು ಮುದ್ರಿಸಿಕೊಂಡ ಸದ್ದಿಗೆ ಜಾಗವೆಂಬುದು ಇರುವುದಿಲ್ಲವಂತೆ. ಎಲ್ಲಿ ನಿಂತು ಬಾರಿಸಿದ್ದು ಎಂದು ಕೇಳುವವರಿಗೆ ಗೊತ್ತಾಗುವುದಿಲ್ಲ. ಅದಕ್ಕಾಗಿ ಕಂಪ್ಯೂಟರಿನಲ್ಲಿ ಪ್ಲಗಿನ್ ಎಂಬುದೊಂದನ್ನು ಇಟ್ಟುಕೊಂಡಿರುತ್ತಾರೆ. ಅದರೊಳಗೆ ಕೋಣೆಗಳಿವೆ. ಬೇಕಾದ ಕೋಣೆಯನ್ನು ಆರಿಸಿದರೆ, ಅಲ್ಲಿ ಬಾರಿಸಿದ್ದರೆ ಸದ್ದು ಯಾವ ಗೋಡೆಗೆ ಬಡಿದು ಎಷ್ಟು ಹೊತ್ತಿಗೆ ತಿರುಗಿ ಬರುತ್ತಿತ್ತು ಎಂದು ಲೆಕ್ಕ ಹಾಕಿ, ಆ ಮರುದನಿಯನ್ನು ಸೇರಿಸುತ್ತದೆ. ಗೋಡೆಗಳ ದೂರ ಹೆಚ್ಚಿಸಬಹುದು, ಛತ್ತು ಎತ್ತರಿಸಬಹುದು. ಒಂದು ಇಟ್ಟಂಗಿಯೂ ಬೇಕಿಲ್ಲ.

ಅವನ ಮೇಲೆ ಸಿಟ್ಟಾಗುವ ಕಾರಣವಿರಲಿಲ್ಲ ಎಂದು ಈಗ ಬರೆಯುವಾಗ ಹೇಳಬಲ್ಲೆ. ಆವತ್ತು ಅವನ ಮೇಲೂ ಸಿಟ್ಟಿತ್ತು, ಆ ಕಂಪ್ಯೂಟರಿನ ಮೇಲೂ ಇತ್ತು, ಸ್ಟುಡಿಯೋದ ಕೆಳಗಿನ ಬಟ್ಟೆ ಅಂಗಡಿಯಲ್ಲಿ ಸೀರೆ ನೋಡುತ್ತ ನಗುತ್ತಿದ್ದ ಹೆಂಗಸರ ಮೇಲೂ ಇತ್ತು.

ನನ್ನ ಗಂಡ ಗೌಂಡಿ ಕೆಲಸ ಮಾಡುತ್ತಿದ್ದರು. ಕೌಜಲಗಿ, ಅಂಕಲಗಿ, ಮೂಡಲಗಿ, ಎಲ್ಲಿ ಮನೆ ಕಟ್ಟುತ್ತಿದ್ದರೆ ಅಲ್ಲಿಗೆ ಹೋಗುತ್ತಿದ್ದರು. ನಾನೂ ಜೊತೆಗೆ ಹೋಗಿ ಬುಟ್ಟಿ ಹೊರುತ್ತಿದ್ದೆ. ಕೆಲಸವಿಲ್ಲದ ದಿನ, ಊರಲ್ಲಿ ಮೆರವಣಿಗೆಯಿದ್ದ ದಿನ ಹಲಗಿ ಬಾರಿಸುತ್ತಿದ್ದರು. ಕಟ್ಟಿಗೆಯ ಬಳೆಗೆ ಬಿಗಿದ ಚರ್ಮ, ಹೆಗಲಿಗೊಂದು ಹಗ್ಗ, ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ಸಣ್ಣ ಕಡ್ಡಿ, ಇಷ್ಟೇ ಆ ವಾದ್ಯ. ಅದನ್ನು ಬಾರಿಸುವವರು ನಮ್ಮ ಕೇರಿಯವರೇ. ಕೇಳಿ ಕುಣಿಯುವವರು ಊರವರೆಲ್ಲ.

ನಮ್ಮೂರ ಗುಡಿಯ ಬಾಜೂ ಕಮಿಟಿಯವರು ಮಂಗಲ ಕಾರ್ಯಾಲಯ ಕಟ್ಟಿಸಿದಾಗ ಆ ದೊಡ್ಡ ಹಾಲಿನ ಗೋಡೆಗಳಿಗೆಲ್ಲ ಒಳಗೂ ಹೊರಗೂ ಸಿಮೆಂಟು ಬಳಿದು ಗಿಲಾವು ಮಾಡಿದವರು ನನ್ನ ಗಂಡ. ಒಂದು ಚಳಿಗಾಲವಿಡೀ ಅಲ್ಲಿಯೇ ಇದ್ದೆವು. ಕಲಸಿದ ಸಿಮೆಂಟು ಹೊತ್ತು ನಾನು ಆ ಬಾಗಿಲಿನಿಂದ ಒಳಗೆ ಹೊರಗೆ ಓಡಾಡಿದ್ದೇ ಓಡಾಡಿದ್ದು. ಆಗ ಯಾರಿಗೂ ಅಡ್ಡಿಯಿರಲಿಲ್ಲ.

ವಾಸ್ತುಶಾಂತಿಯ ದಿನ ಕಮಿಟಿಯವರು ಹೇಳಿಕಳಿಸಿದರು. ಮೆರವಣಿಗೆಯ ಮುಂದೆ ಹಲಗಿ ಬೇಕಿತ್ತು. ನನ್ನ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಊರೆಲ್ಲ ಸುತ್ತಿ ಮೆರವಣಿಗೆ ಹಾಲಿನ ಮೆಟ್ಟಿಲಿಗೆ ಬಂತು. ಸನಾದಿಯವರು ಊದುತ್ತಲೇ ಒಳಗೆ ಹೋದರು. ಭಜನೆಯವರು ಒಳಗೆ ಹೋದರು. ಹಲಗಿಯವರು ಮೆಟ್ಟಿಲ ಕೆಳಗೆ ನಿಂತರು. ನಿಲ್ಲಿ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿಯೇ ಇರಲಿಲ್ಲ, ಅದಕ್ಕೇ ನನಗೆ ಹೆಚ್ಚು ಸಿಟ್ಟು. ಪೂಜೆ ಮುಗಿಯುವವರೆಗೆ ಅವರು ಬಿಸಿಲಲ್ಲಿ ನಿಂತು ಬಾರಿಸಿದರು. ಒಳಗೆ ಮಂಗಳಾರತಿ ಆಗುವಾಗ ಯಾರೋ ಬಾಗಿಲಲ್ಲಿ ಬಂದು, "ಜೋರ್ ಹೊಡಿಯೋ, ಒಳಗ ಕೇಳವಲ್ದು," ಎಂದರು.

ಮನೆಗೆ ಬಂದಮೇಲೆ ನಾನು ಒದರಾಡಿದೆ. ಅವರು ಕಾಲು ತೊಳೆದುಕೊಳ್ಳುತ್ತ ನಕ್ಕರು. "ಒಳಗ ನಾ ನೋಡದ್ದು ಏನೈತಿ? ಗ್ವಾಡಿ ಎಲ್ಲೆಲ್ಲಿ ಸೊಟ್ಟ ಐತಿ, ಅದನ್ನೂ ಬಲ್ಲೆ ನಾ."

"ನಗಬ್ಯಾಡ್ರಿ ಮೊದಲ."

"ನಕ್ರ ನಿನಗ್ಯಾಕ ಸಿಟ್ಟು? ಅವರ ಹಾಲು, ನಮ್ಮ ಓಣಿ. ಓಣಿಯಾಗ ನನ್ನ ಹಲಗಿ ಕೇಳಿದಂಗ ಒಳಗ ಕೇಳ್ತೈತೇನ?"

ಈ ಮಾತನ್ನು ಅವರು ಸಮಾಧಾನಕ್ಕೆ ಹೇಳಿದರೋ ಖರೆಯೇ ಹೇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ಕೇಳೋಣವೆಂದರೆ ಅವರಿಲ್ಲ.

ಹುಕ್ಕೇರಿಯಲ್ಲಿ ಕ್ಯಾಸೆಟ್ಟು, ಸೀಡಿ ಮಾರುವ ಸಾಹುಕಾರರೊಬ್ಬರು ನಮ್ಮೂರ ದೇವರ ಮೇಲೆ ಹಾಡುಗಳ ಸೀಡಿ ತರುತ್ತೇವೆಂದು ಬಂದದ್ದು ಅದಾದ ಎರಡನೇ ವರ್ಷ. ಹಾಡುವವರು ಬೇರೆ ಊರಿನವರು, ಹಲಗಿ ಮಾತ್ರ ಇಲ್ಲಿಯದೇ ಬೇಕೆಂದರು. ಗೋಕಾಕಕ್ಕೆ ಹೊರಟ ದಿನ ನನ್ನ ಗಂಡ, "ನಡಿ, ನೀನೂ ನೋಡೀಯಂತ," ಎಂದು ಕರೆದುಕೊಂಡು ಹೋದರು. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಸ್ಟುಡಿಯೋ. ಕಿಟಕಿಗಳನ್ನೆಲ್ಲ ಮುಚ್ಚಿ, ಗೋಡೆಗೆ ಹಳೆಯ ಕೌದಿ, ತತ್ತಿ ಇಡುವ ರಟ್ಟಿನ ತಟ್ಟೆ ಬಡಿದಿದ್ದರು. ಫ್ಯಾನು ಹಾಕಿದರೆ ಸದ್ದು ಬರುತ್ತದೆಂದು ಅದೂ ಬಂದ್.

ಹಲಗಿಯನ್ನು ಬೆಂಕಿಗೆ ಕಾಸಬೇಕು. ಕಾಸಿದರೆ ಚರ್ಮ ಬಿಗಿಯುತ್ತದೆ, ಆಗಲೇ ದನಿ. ಸ್ಟುಡಿಯೋದೊಳಗೆ ಬೆಂಕಿ ಹಚ್ಚುವ ಹಾಗಿಲ್ಲ. ಆದ್ದರಿಂದ ಮಾಳಿಗೆಯ ಮೇಲೆ ನಾನು ಬಟ್ಟೆ ಅಂಗಡಿಯ ರಟ್ಟಿನ ಡಬ್ಬಿ ಹರಿದು ಉರಿ ಹಾಕುತ್ತಿದ್ದೆ. ಅವರು ಕಾಸಿಕೊಂಡು ಮೆಟ್ಟಿಲಿಳಿದು ಓಡುತ್ತಿದ್ದರು. ಒಂದು ಹಾಡು ಮುಗಿಯುವಷ್ಟರಲ್ಲಿ ಬೆವರಿಗೋ ಏನೋ ಚರ್ಮ ಸಡಿಲಾಗಿ ಮತ್ತೆ ಮೇಲೆ ಓಡಿ ಬರುತ್ತಿದ್ದರು.

"ಒಳಗ ಹೊಕ್ಕ ಕೂಡ್ಲೇ ಇದರ ಜೀವ ಇಳಿತೈತಿ ನೋಡು," ಎಂದು ಹಲಗಿಯನ್ನು ಉರಿಯ ಮೇಲೆ ತಿರುಗಿಸುತ್ತ ಹೇಳಿದರು. ಮುಖವೆಲ್ಲ ಮಸಿಯಾಗಿತ್ತು. ನಾನು ಸೆರಗಿನಿಂದ ಒರೆಸಿದೆ. "ಬಿಡು, ಮೈಕಿಗೆ ಮಾರಿ ಕಾಣಂಗಿಲ್ಲ," ಎಂದರು.

ಮಳೆಗಾಲದಲ್ಲಿ ಅವರಿಗೆ ಕಾಮಣಿಯಾಯಿತು. ಊರ ಔಷಧಿ ಕುಡಿಸಿದೆವು. ಕಣ್ಣು ಇನ್ನೂ ಹಳದಿಯಾದಾಗ ದವಾಖಾನೆಗೆ ಒಯ್ದೆವು. ಒಂದು ದವಾಖಾನೆಯವರು ಇನ್ನೊಂದಕ್ಕೆ ಕಳಿಸಿದರು, ಅಲ್ಲಿಯವರು ಬೆಳಗಾವಿಗೆ ಒಯ್ಯಿರೆಂದರು. ಬೆಳಗಾವಿಯಿಂದ ಅವರನ್ನು ಜೀಪಿನಲ್ಲಿ ಮಲಗಿಸಿಕೊಂಡು ತಿರುಗಿ ಬಂದೆವು. ಇದರ ಬಗ್ಗೆ ಇನ್ನು ಹೆಚ್ಚು ಬರೆಯಲಾರೆ.

ಒಂದು ಮಾತು ಮಾತ್ರ ಬರೆಯಬೇಕು. ಅವರ ಮಣ್ಣಿಗೆ ಹಲಗಿ ಇರಲಿಲ್ಲ. ನಮ್ಮ ಕೇರಿಯ ತರುಣರು ಸಾವಿಗೆ, ಡಂಗುರಕ್ಕೆ ಇನ್ನು ಹಲಗಿ ಬಡಿಯುವುದಿಲ್ಲವೆಂದು ನಿಶ್ಚಯ ಮಾಡಿದ್ದರು. ಅವರ ಮುಂದಾಳು ನನ್ನ ಮೈದುನ. ಮೂಡಲಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಓದಿದವನು. ಅವನ ಮಾತು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಊರಿನ ಎಷ್ಟೋ ಹೆಣಗಳ ಮುಂದೆ ಬಾರಿಸಿಕೊಂಡು ನಡೆದವರು ತಾವು ಹೋಗುವಾಗ ಬರೀ ಕಾಲ ಸಪ್ಪಳದಲ್ಲಿ ಹೋದರು. ಆ ದಿನದಿಂದ ಕಿವಿಯಲ್ಲಿ ಒಂದು ಖಾಲಿ ಜಾಗ. ಗೋಕಾಕದಲ್ಲಿ ಮುದ್ರಿಸಿದ್ದೊಂದೇ ಅವರ ಹಲಗಿ ಎಂದು ಉಳಿದಿತ್ತು. ಅದನ್ನೂ ಒಯ್ದು ಯಾರದೋ ಹಾಲಿನಲ್ಲಿ ಹಾಕಿದ್ದರು.

"ಆ ಹಾಲ್ ತಗೀಯಪ್ಪಾ," ಎಂದೆ ಮಿಕ್ಸಿಂಗಿನ ತರುಣನಿಗೆ.

ಅವನು ಪರದೆಯ ಮೇಲಿನ ಒಂದು ಗುಂಡಿಯನ್ನು ಪೂರ್ತಿ ಕೆಳಗೆ ತಿರುಗಿಸಿದ. ಈಗ ಕೇಳಿದ್ದು ಇನ್ನೂ ಕೆಟ್ಟದ್ದು. ಮೊರದಲ್ಲಿ ಕಾಳು ಕೇರಿದ ಹಾಗೆ, ಪಟ್ ಪಟ್ ಎಂಬ ಒಣ ಸದ್ದು. ಕೌದಿ ಹೊದಿಸಿದ ಗೋಡೆಗಳು ಉಳಿದದ್ದನ್ನೆಲ್ಲ ಕುಡಿದುಬಿಟ್ಟಿದ್ದವು. ಇದು ಅವರ ಕೈಯೇ, ಗುರುತು ಹತ್ತಿತು. ಆದರೆ ಅವರು ಎಲ್ಲಿಯೂ ನಿಂತಿರಲಿಲ್ಲ.

"ನೋಡಿದ್ರೆಲ್ಲಾ?" ಎಂದ ತರುಣ. "ಅದಕ್ಕಽ ರೂಮ್ ಹಾಕಬೇಕಾಗ್ತೈತ್ರಿ. ಹಾಲ್ ಬ್ಯಾಡಾದ್ರ ಸಣ್ಣ ರೂಮ್ ಐತಿ, ದೊಡ್ಡ ರೂಮ್ ಐತಿ, ಚರ್ಚ್ ಐತಿ, ಬಾತ್‌ರೂಮ್ ಐತಿ..."

"ಬಚ್ಚಲಾ?" ಎಂದ ಮೈದುನ.

"ಹೂಂನ್ರಿ, ಟೈಲ್ಸ್ ಹಾಕಿದ್ದು."

"ಓಣಿ?" ಎಂದೆ ನಾನು.

ತರುಣ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದ. "ಓಣಿ ಇಲ್ರಿ."

"ಯಾವ ಊರಾವ ಮಾಡ್ಯಾನೊ ಇದನ್ನ! ಬಚ್ಚಲ ಐತಂತ, ಓಣಿ ಇಲ್ಲಂತ," ಎಂದ ಮೈದುನ.

ಮೂವರೂ ನಕ್ಕೆವು. ಅವರು ಹೋದಮೇಲೆ ನಾನು ಮೊದಲ ಸಲ ನಕ್ಕದ್ದು ಅಲ್ಲಿಯೇ. ನಕ್ಕದ್ದಕ್ಕೆ ಮರುಕ್ಷಣ ನನ್ನ ಮೇಲೆಯೇ ಸಿಟ್ಟು ಬಂತು.

ಮೈದುನ, "ವೈನಿ, ಹಾಲ್ ಇರ್ಲಿ ಬಿಡ್ರಿ," ಎಂದ. "ನಮ್ಮೂರ ಮಂದಿ ಅಣ್ಣನ್ನ ಹೊರಗ ನಿಂದ್ರಿಸಿದ್ರು. ಕಂಪ್ಯೂಟರ್ ಒಳಗ ಬಿಟ್ಟೈತಿ. ಕೇಳ್ಲಿ ಅವರಽ, ಅವರ ಹಾಲ್‌ನಾಗ ನಮ್ಮ ಹಲಗಿ."

"ಯಾರಿಗೂ ಬಾಗಿಲಾ ತಗೀಬೇಕಾಗ್ಲಿಲ್ಲಲ್ಲೊ," ಎಂದೆ. "ಒಬ್ಬರೂ ಎದ್ದು ಬಾಜೂ ಸರೀಲಿಲ್ಲ. ಮತ್ತೆಂಥಾ ಒಳಗ ಹೋಗೂದು ಅದು?"

ಊರಿನ ಆ ಹಾಲಿನ ಗೋಡೆಗಳಿಗೆ ಗಿಲಾವು ಮಾಡಿದವರೂ ಅವರೇ ಎಂದು ಮೈದುನ ಹೇಳಿದ. ಮಿಕ್ಸಿಂಗಿನ ತರುಣನಿಗೆ ನಮ್ಮ ಮಾತು ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಅವನು ಹುಕ್ಕೇರಿಯವನು, ಒಳ್ಳೆಯವನು, ಚಿಕ್ಕ ಮಗಳಿದ್ದವನು. ಏನಾದರೂ ಮಾಡಬೇಕೆಂದು ಅವನಿಗೆ ಅನಿಸಿತು. ಒಂದು ಉಪಾಯ ಹೇಳಿದ. ಖರೆ ಜಾಗದಲ್ಲಿ ಒಂದು ಬಲೂನು ಒಡೆದು, ಆ ಸದ್ದನ್ನು ಮುದ್ರಿಸಿಕೊಂಡು ಬಂದರೆ, ಆ ಜಾಗ ಹೇಗೆ ತಿರುಗಿ ದನಿಗೊಡುತ್ತದೆ ಎಂಬುದನ್ನು ಕಂಪ್ಯೂಟರಿಗೆ ಕಲಿಸಬಹುದಂತೆ. ಆಮೇಲೆ ಹಲಗಿಯನ್ನು ಅದೇ ಜಾಗದಲ್ಲಿ ಬಾರಿಸಿದಂತೆ ಕೇಳಿಸಬಹುದಂತೆ.

"ಅವರಽ ಗಿಲಾವು ಮಾಡಿದ ಹಾಲ್ ಐತಿ ಅಂತೀರಲ್ಲ ನಿಮ್ಮೂರಾಗ," ಎಂದ. "ಸುಳ್ಳ ಹಾಲ್ ಯಾಕ್ರಿ? ಆ ಹಾಲ್‌ನಾಗಽ ಒಡೆಯೂಣು."

ಹಾಲಿನ ಹೆಸರು ಕೇಳಿ ಆ ಮೆಟ್ಟಿಲುಗಳು ನೆನಪಾದವು. ಬೇಡವೆನ್ನಲಿಲ್ಲ. ಆ ಗೋಡೆಗಳ ನಡುವೆ ಅವರ ಹಲಗಿ ಹೇಗೆ ಕೇಳುತ್ತದೆ ಎಂದು ಕೇಳುವ ಆಸೆ ನನಗೂ ಇತ್ತು.

ಮುಂದಿನ ರವಿವಾರ ಅವನು ಸಣ್ಣ ರಿಕಾರ್ಡರು, ಮೈಕು, ಮಗಳಿಗೆ ತಂದ ಬಲೂನಿನ ಪಾಕೀಟು ಹಿಡಿದುಕೊಂಡು ಬಸ್ಸಿಳಿದ. ನಾನೂ ಮೈದುನನೂ ಅವನನ್ನು ಗುಡಿಯ ಕಡೆ ಕರೆದೊಯ್ದೆವು. ಹಾಲಿನ ಕೀಲಿ ಕಮಿಟಿಯ ಹಿರಿಯರೊಬ್ಬರ ಹತ್ತಿರವಿತ್ತು. ಅವರು ಕಟ್ಟೆಯ ಮೇಲೆ ಅಡಕಿ ಕತ್ತರಿಸುತ್ತ ಕುಳಿತಿದ್ದರು. ತರುಣ ಎಲ್ಲವನ್ನೂ ತಿಳಿಸಿ ಹೇಳಿದ. ಹಿರಿಯರಿಗೆ ಬಲೂನಿನ ವಿಷಯ ತಿಳಿದಂತೆ ಕಾಣಲಿಲ್ಲ, ಆದರೂ ತಲೆಯಾಡಿಸಿದರು.

"ಮಷಿನ್ ತರ್ರಿ, ಬಲೂನ್ ಒಡೀರಿ, ಏನರ ಮಾಡ್ರಿ. ದೇವರ ಕೆಲಸ. ಹಲಗಿ ತರೂದಿಲ್ಲಲ್ಲ?"

"ಇಲ್ರಿ ಅಜ್ಜಾರ. ಹಲಗಿ ಕಂಪ್ಯೂಟರ್‌ನಾಗ ಐತ್ರಿ."

"ಹಂಗಾರ ಏನೂ ಅಡ್ಡಿಯಿಲ್ಲ."

ಕೀಲಿ ತೆಗೆದರು. ತರುಣ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ. ನಾನು ಅವನ ಹಿಂದೆ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಹಿರಿಯರು ನನ್ನ ಕಡೆ ನೋಡದೆ, ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಳ್ಳುತ್ತ, "ನೀ ಅಲ್ಲೇ ನಿಂದ್ರವಾ. ಒಳಗ ಈಗಽ ನೆಲಾ ಒರಿಸ್ಯಾರ, ಹಸೀ ಐತಿ," ಎಂದರು.

ತರುಣನ ಕಾಲಿಗೆ ನೆಲ ಹಸಿಯಿರಲಿಲ್ಲ.

ನನಗೆ ಜಗಳ ಬರುವುದಿಲ್ಲ. ಸಣ್ಣಂದಿನಿಂದ ಹಾಗೆಯೇ. ಬಾಗಿಲಲ್ಲಿ ನಿಂತಿದ್ದ ತರುಣನನ್ನು ಕರೆದೆ. "ತಮ್ಮಾ, ಒಳಗ ಹೋಗಬ್ಯಾಡ. ಕೆಳಗ ಬಾ."

"ಯಾಕ್ರಿ ಅಕ್ಕಾರ? ಬಾಗಿಲಾ ತಗದಾರಲ್ಲ."

"ನಿನಗ ತಗದಾರ. ಕೆಳಗ ಬಾ ನೀ."

ಅವನು ನನ್ನ ಮುಖ ನೋಡಿದ, ಹಿರಿಯರ ಮುಖ ನೋಡಿದ, ಆಮೇಲೆ ಮೆಟ್ಟಿಲ ಮೇಲಿದ್ದ ನನ್ನ ಕಾಲು ನೋಡಿದ. ಈ ಸಲ ಪೂರ್ತಿ ತಿಳಿಯಿತು. ಇಳಿದು ಬಂದು ಚಪ್ಪಲಿ ಮೆಟ್ಟಿದ.

ವಾಸ್ತುಶಾಂತಿಯ ದಿನ ನನ್ನ ಗಂಡ ನಿಂತ ಜಾಗ ನನಗೆ ಗೊತ್ತಿತ್ತು. ಮೆಟ್ಟಿಲ ಕೆಳಗೆ, ಹಿಟ್ಟಿನ ಗಿರಣಿಯ ಎದುರು. ಒಂದು ಕಡೆ ಹಾಲಿನ ಹೊರಗೋಡೆ, ಇನ್ನೊಂದು ಕಡೆ ಗಿರಣಿಯ ಕಲ್ಲುಗೋಡೆ. ಎಲ್ಲ ಮೆರವಣಿಗೆಗಳಲ್ಲೂ ಅವರು ಅಲ್ಲಿಯೇ ನಿಲ್ಲುತ್ತಿದ್ದರು. "ಇಲ್ಲಿ ಒಡಿ," ಎಂದೆ.

"ಹೊರಗ ಒಡದ್ರ ಏನ್ ಬರ್ತೈತವಾ, ಗಾಳಿ?" ಎಂದರು ಹಿರಿಯರು.

"ಹೌದ್ರಿ, ಗಾಳಿ," ಎಂದ ಮೈದುನ. "ಅದಕ್ಕ ನೆಲಾ ಒರಸೂ ತ್ರಾಸಿಲ್ಲ ನೋಡ್ರಿ."

ಹಿರಿಯರು ಕೆಮ್ಮಿದರು. ಅಡಕಿ ಕತ್ತರಿಸುವುದನ್ನು ಮುಂದುವರಿಸಿದರು.

ತರುಣ ಮೈಕು ನಿಲ್ಲಿಸಿ, ಬಲೂನು ಊದಿ ನನ್ನ ಕೈಗೆ ಕೊಟ್ಟ. ನಾನು ಸೀರೆಯ ಪಿನ್ನು ತೆಗೆದು ಚುಚ್ಚಿದೆ. ಆದರೆ ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಹಾಯಿತು. ಮತ್ತೊಂದು ಒಡೆದರೆ ಕೂಡಿದ್ದ ಮಕ್ಕಳು ಚಪ್ಪಾಳೆ ತಟ್ಟಿದವು. ಮೈದುನ ಅವರನ್ನು ಬೈದು ಗುಡಿಯ ಹಿಂದಕ್ಕೆ ಓಡಿಸಿದ. ಆಮೇಲೆ ಒಡೆದದ್ದು ಸರಿಯಾಗಿ ಬಂತು. ಪಟ್ಟನೆಯ ಸದ್ದು ಗಿರಣಿಯ ಗೋಡೆಗೆ ಹೋಗಿ ಬಡಿದು, ಒಂದು ಕ್ಷಣ ಬಿಟ್ಟು, ಗಟ್ಟಿಯಾಗಿ ತಿರುಗಿ ಬಂತು. ಆಮೇಲೆ ಓಣಿಯ ಕೆಳಗೆ ಎಲ್ಲೋ ಹೋಗಿ ಮುಗಿಯಿತು.

ಸ್ಟುಡಿಯೋದಲ್ಲಿ ಅದನ್ನು ಹಲಗಿಗೆ ಹಾಕಿ ಕೇಳಿಸಿದ ದಿನ ನನಗೆ ಒಂದು ವಿಷಯ ತಿಳಿಯಿತು. ನನ್ನ ಗಂಡ ಒಂದು ದಪ್ಪ ಪೆಟ್ಟು ಹೊಡೆದಮೇಲೆ ಚೂರು ತಡೆಯುತ್ತಿದ್ದರು. ಗಿರಣಿಯ ಗೋಡೆ ಆ ಪೆಟ್ಟನ್ನು ತಿರುಗಿ ಹೇಳುವವರೆಗೆ. ಅದು ಹೇಳಿದ ಮೇಲೆಯೇ ಸಣ್ಣ ಕಡ್ಡಿಯ ಸಪ್ಪಳ. ಕೌದಿ ಹೊದಿಸಿದ ಆ ಕೋಣೆಯಲ್ಲಿ, ಎದುರಿಗೆ ಯಾವ ಗೋಡೆಯೂ ದನಿಗೊಡದಿದ್ದರೂ, ರೂಢಿಯಿಂದ ಹಾಗೆಯೇ ತಡೆದು ತಡೆದು ಬಾರಿಸಿದ್ದರು. ದೊಡ್ಡ ಹಾಲು ಹಾಕಿದಾಗ ಆ ಸಂದಿಯನ್ನೆಲ್ಲ ಅದರ ಮೊಳಗು ತುಂಬಿಬಿಟ್ಟಿತ್ತು. ಈಗ ಗೋಡೆ ಸರಿಯಾದ ಹೊತ್ತಿಗೆ ಮಾತಾಡುತ್ತಿತ್ತು, ಅವರು ಅದರ ಮಾತು ಮುಗಿಯುವವರೆಗೆ ಕಾಯುತ್ತಿದ್ದರು. ಅವರೇ. ಯಾರಿಗೂ ತೋರಿಸಿ ಹೇಳಬೇಕಾಗಿರಲಿಲ್ಲ. ಮೈದುನ ಎದ್ದು ಕಿಟಕಿಯ ಹತ್ತಿರ ಹೋಗಿ ನಮ್ಮ ಕಡೆ ಬೆನ್ನು ಮಾಡಿ ನಿಂತ. ಮುಚ್ಚಿದ ಕಿಟಕಿ ಅದು, ಹೊರಗೆ ಏನೂ ಕಾಣುತ್ತಿರಲಿಲ್ಲ.

ಅದೇ ಹೊತ್ತಿಗೆ ಸಾಹುಕಾರರು ಬಂದರು. ಕುರ್ಚಿಯಲ್ಲಿ ಕುಳಿತು, ಚಹಾಕ್ಕೆ ಹೇಳಿ, ಕಣ್ಣು ಮುಚ್ಚಿ ಅರ್ಧ ಹಾಡು ಕೇಳಿದರು.

"ಇದೇನೊ ಇದು? ಹಲಗಿ ಹೊರಗ ನಿಂತಂಗ ಕೇಳ್ತೈತಿ."

"ಹೌದ್ರಿ," ಎಂದೆ ನಾನು. "ಹೊರಗಽ ನಿಂತಿದ್ರು."

ಅವರು ಕಣ್ಣು ತೆರೆದರು. ಸಿಟ್ಟಾಗಲಿಲ್ಲ, ಸಿಟ್ಟಾಗುವ ಮನುಷ್ಯರಲ್ಲ. ಮೆತ್ತಗಿನ ಮಾತಿನವರು. "ನೋಡವಾ ತಂಗೀ, ಭಕ್ತಿ ಹಾಡಿವು. ಕೇಳೂ ಮಂದಿಗೆ ಗುಡಿಯೊಳಗ ಕುಂತಂಗ ಆಗಬೇಕು. ಹಾಡೋರು ಒಳಗ, ಹಾರ್ಮೋನಿಯಂ ಪೇಟಿ ಒಳಗ, ಹಲಗಿ ಒಂದಽ ಹೊರಗಾದ್ರ ಹೆಂಗ? ನಾ ನಿಮ್ಮವರಿಗೆ ಮರ್ಯಾದಿ ಕೊಡಾಕತ್ತೇನಿ. ಗುಡಿಯೊಳಗ ನಿಂತು ಬಾರಿಸಿದಂಗ ಮಾಡಾಕತ್ತೇನಿ."

"ಬಾರಿಸಿದಂಗ," ಎಂದೆ.

"ಹೂಂ, ಬಾರಿಸಿದಂಗ."

"ಖರೆ ಒಳಗ ಕರದಿದ್ರ ನಾ ಮಾತಾಡ್ತಿದ್ದಿಲ್ರಿ."

"ಅದೇನು ನನ್ನ ಕೈಯಾಗ ಐತೇನವಾ? ಊರ ಪದ್ಧತಿ. ನಾ ಸೀಡಿ ಮಾಡಾಂವ."

ಅದು ಖರೆಯೇ. ಯಾರ ಕೈಯಲ್ಲೂ ಇರುವುದಿಲ್ಲ ಅದು. ಕೀಲಿ ಇದ್ದ ಹಿರಿಯರ ಕೈಯಲ್ಲೂ ಇರಲಿಲ್ಲ, ಅವರಿಗೂ ಬರೀ ನೆಲ ಹಸಿಯಿತ್ತು. ಎಲ್ಲರೂ ಒಳ್ಳೆಯವರು. ಇಷ್ಟು ಒಳ್ಳೆಯವರ ನಡುವೆ ಒಬ್ಬ ಮನುಷ್ಯ ಜೀವಮಾನವಿಡೀ ಮೆಟ್ಟಿಲ ಕೆಳಗೆ ನಿಂತರೆ ಸಿಟ್ಟನ್ನು ಯಾರ ಮೇಲೆ ಹಾಕಬೇಕು?

"ಹಂಗಾದ್ರ ಹಲಗಿ ತಗೀರಿ," ಎಂದೆ.

ಸಾಹುಕಾರರು ಕುರ್ಚಿಯಲ್ಲಿ ಮುಂದೆ ಸರಿದರು. "ತಂಗೀ, ವಿಚಾರ ಮಾಡಿ ಮಾತಾಡು. ಕವರ್ ಮ್ಯಾಲ ಅವರ ಫೋಟೋ ಹಾಕಸಾಂವ ಇದ್ದೆ. ಕೆಳಗ ಹೆಸರು. ಹುಕ್ಕೇರಿಯಿಂದ ಬೆಳಗಾವಿ ತನಕ ಅಂಗಡ್ಯಾಗ ಇಡ್ತಾರ. ತೀರಿಹೋದ ಮನುಷ್ಯಾಗ ಇನ್ನೇನ ಬೇಕು?"

ಆ ಫೋಟೋದ ಮಾತನ್ನು ನನ್ನ ಅತ್ತೆ ಆಗಲೇ ಕೇರಿಗೆಲ್ಲ ಹೇಳಿಕೊಂಡು ಬಂದಿದ್ದರು. ಯಾವ ಫೋಟೋ ಕೊಡಬೇಕೆಂದು ಆರಿಸಿ ಇಟ್ಟಿದ್ದರು, ಮದುವೆಯದು, ಅದರಲ್ಲಿ ನನ್ನನ್ನು ಕತ್ತರಿಸಬೇಕಾಗುತ್ತದೆ ಎಂದೂ 'ನಿನಗ ಸಿಟ್ಟಿಲ್ಲಲ್ಲ?' ಎಂದೂ ಕೇಳಿದ್ದರು. ನನ್ನ ಕಣ್ಣ ಮುಂದೆ ಆ ಫೋಟೋ ಬಂತು. ಮೈದುನನ ಕಡೆ ನೋಡಿದೆ. ಅವನು ಕಿಟಕಿಯಿಂದ ತಿರುಗದೆಯೇ, "ವೈನಿ ಹೇಳಿದಂಗ," ಎಂದ.

"ತಗೀರಿ," ಎಂದೆ ಇನ್ನೊಮ್ಮೆ.

"ಕೀಬೋರ್ಡ್‌ನಾಗ ಹಲಗಿ ಬೇಕಾದಷ್ಟ ಐತಿ," ಎಂದರು ಸಾಹುಕಾರರು, ನನಗಲ್ಲ, ತರುಣನಿಗೆ. ಚಹಾ ಬಂದಿತ್ತು. ನಮಗೂ ಕೊಟ್ಟರು. ಕುಡಿಯದೆ ಇಳಿದೆವು. ನಾವು ಮೆಟ್ಟಿಲಿಳಿಯುವಾಗ ತರುಣ ಹಿಂದೆ ಓಡಿ ಬಂದು ಒಂದು ಸೀಡಿ ಕೊಟ್ಟ. ಅದರಲ್ಲಿ ಹಾಡು ಇರಲಿಲ್ಲ, ಪೇಟಿ ಇರಲಿಲ್ಲ. ಹಲಗಿ ಮಾತ್ರ, ಗಿರಣಿಯ ಮುಂದೆ.

ಅತ್ತೆ ನನ್ನೊಡನೆ ಮಾತು ಬಿಟ್ಟರು. ಒಂದೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ, ನನಗೆ ಹೇಳಬೇಕಾದದ್ದನ್ನು ಬೆಕ್ಕಿಗೆ ಹೇಳುತ್ತಿದ್ದರು. "ನನ್ನ ಮಗನ್ನ ಮೊದಲ ದೇವರು ಒಯ್ದ. ಉಳಿದಿದ್ದನ್ನ ಸೊಸಿ ಒರೆಸಿದ್ಳು." ಅವರ ಸಿಟ್ಟು ನ್ಯಾಯದ್ದು, ನನ್ನದೂ ನ್ಯಾಯದ್ದು. ಎರಡೂ ಒಂದೇ ಮನೆಯಲ್ಲಿ ಹಿಡಿಸುತ್ತಿರಲಿಲ್ಲ.

ಸಾಹುಕಾರರ ಸೀಡಿ ಬಂತು. ಹುಕ್ಕೇರಿಯ ಸಂತೆಗೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನ ಎದುರಿನ ಅವರ ಅಂಗಡಿಯಲ್ಲಿ ಹಾಕಿದ್ದರು. ಕವರಿನ ಮೇಲೆ ಹಾಡುವವರ ಫೋಟೋ, ಹಿಂದೆ ಗುಡಿ. ಹಲಗಿ ಇತ್ತು, ಕೀಬೋರ್ಡಿನದು. ಎಲ್ಲ ಪೆಟ್ಟೂ ಒಂದೇ ಸಮ, ಎಲ್ಲವೂ ಆ ದೊಡ್ಡ ಹಾಲಿನಲ್ಲಿ ಹೊರಳುತ್ತಿದ್ದವು. ಯಾರೂ ಬಾರಿಸದ ಹಲಗಿ, ಯಾರೂ ಕಟ್ಟದ ಹಾಲು. ಜನ ನಿಂತು ಕೇಳುತ್ತಿದ್ದರು. ಚೆನ್ನಾಗಿದೆ ಎನ್ನುತ್ತಿದ್ದರು. ಮೆಣಸಿನಕಾಯಿಯ ಚೀಲ ಹಿಡಿದುಕೊಂಡು ನಾನು ಪೂರ್ತಿ ಹಾಡು ಮುಗಿಯುವವರೆಗೆ ನಿಂತಿದ್ದೆ. ತೆಗೆಸಿದ್ದು ತಪ್ಪಾಯಿತೇ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ ಎಂದು ಹೇಳಿಕೊಂಡೆ. ಹೇಳಿಕೊಂಡಷ್ಟು ಸುಲಭವಾಗಿ ಮನಸ್ಸು ಒಪ್ಪಲಿಲ್ಲ.

ಊರಿಗೆ ಬಂದದ್ದು ಸಂಜೆಗೆ. ಮೈದುನ ಅಂಗಡಿಯಿಂದ ಯಾರದೋ ರಿಪೇರಿಗೆ ಬಂದ ಸೀಡಿ ಪ್ಲೇಯರು ತಂದು ಅಂಗಳದಲ್ಲಿ ಹಚ್ಚುತ್ತಿದ್ದ. "ವೈನಿ, ಆ ಸೀಡಿ ತರ್ರಿ. ಅವ್ವಗ ಕೇಳಿಸೂಣು. ಎಷ್ಟ ದಿವಸ ಬೆಕ್ಕಿನ ಕೂಡ ಮಾತಾಡ್ತಾಳ?"

ಅತ್ತೆ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಮ್ಮ ಕಡೆ ನೋಡಲೂ ಇಲ್ಲ. ಹಲಗಿ ಶುರುವಾಯಿತು. ದಪ್ಪ ಪೆಟ್ಟು, ಗೋಡೆಯ ಮಾತು, ಆಮೇಲೆ ಕಡ್ಡಿ. ಅತ್ತೆಯ ಕೈ ನಿಂತಿತು. ತಲೆಯೆತ್ತಿ, ಪ್ಲೇಯರಿನ ಕಡೆಗಲ್ಲ, ಗುಡಿಯ ಕಡೆ ನೋಡಿದರು.

"ಗಿರಣಿ ಮುಂದ ಅದಾನ," ಎಂದರು.

ನಾವಿಬ್ಬರೂ ಅವರಿಗೆ ಬಲೂನಿನ ವಿಷಯ ಹೇಳಿರಲಿಲ್ಲ.

ಮತ್ತಷ್ಟು ಹೊತ್ತು ಕೇಳಿದರು. ಕಣ್ಣಲ್ಲಿ ನೀರಿರಲಿಲ್ಲ. ನನ್ನ ಕಡೆ ತಿರುಗಿ, ಎಷ್ಟೋ ದಿನಗಳ ಮೇಲೆ ನನಗೇ ನೇರವಾಗಿ ಕೇಳಿದರು. "ಸತ್ತ ಮ್ಯಾಲೂ ಅಲ್ಲೇ ನಿಂದ್ರಸೀರೇನ ಅವನ್ನ?"

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. "ನಾವು ನಿಂದ್ರಿಸಿದ್ದಲ್ಲ, ಅತ್ತಿ," ಎಂದೆ.

ಅವರು ಮೊರವನ್ನು ಬದಿಗಿಟ್ಟರು. ಸೆರಗಿನಿಂದ ಕೈಯ ಧೂಳು ಒರೆಸಿಕೊಂಡರು. ಗುಡಿಯ ಕಡೆಯಿಂದ ಇಬ್ಬರು ಮೂವರು ಕಮಿಟಿಯವರು ಮಾತಾಡುತ್ತ ನಮ್ಮ ಕೇರಿಯ ತುದಿಯ ರಸ್ತೆಗೆ ಬರುತ್ತಿದ್ದರು. ಅತ್ತೆ ಅವರನ್ನೇ ನೋಡುತ್ತ, ಮಗನಿಗೆ, "ಅದರ ಸಪ್ಪಳಾ ದೊಡ್ಡದ ಮಾಡೊ," ಎಂದರು.